ದೊಡ್ಡ ನಂಬರಿನ ತೆಳ್ಳನೆಯ ನೂಲು

ಮೊನ್ನೆ ಜಮಖಂಡಿ ಬಸ್ಸಿನಲ್ಲಿ ಪಕ್ಕದ ಹೆಣ್ಣುಮಗಳ ಮಡಿಲಲ್ಲಿ ನೂಲಿನ ಗಂಟಿತ್ತು. ಗಂಜಿ ಹಚ್ಚಿದ ಹೊಸ ನೂಲಿನ ವಾಸನೆ ಬಂದದ್ದೇ ತಡ, ನಾನು ನೆನಪಿನಲ್ಲೇ ಬನಹಟ್ಟಿಯ ಒಂದು ಪಡಸಾಲೆಗೆ ಹೋಗಿಬಿಟ್ಟೆ. ಆ ದಿನ ಅಲ್ಲಿದ್ದವರು ಮೂವರೇ: ರಾಟಿಯ ಮುಂದೆ ಗೌರವ್ವ, ಕಂಬದ ಹಿಂದೆ ಅವಳ ಮಗಳು ಕಸ್ತೂರಿ, ಹೊಸ್ತಿಲಲ್ಲಿ ಅವಳ ಸಾಲೆಯ ಅಕ್ಕೋರಾದ ನಾನು.

ತಪ್ಪು ನನ್ನದೇ. ಭಿನ್ನರಾಶಿ ಕಲಿಸುವಾಗ, ನಾಲ್ಕರಲ್ಲಿ ಒಂದು ಭಾಗ ದೊಡ್ಡದೋ, ಎಂಟರಲ್ಲಿ ಒಂದು ಭಾಗವೋ ಎಂದು ಕೇಳಿದ್ದೆ. ಕಸ್ತೂರಿ ಎದ್ದು, "ಎಂಟs ದೊಡ್ಡದಲ್ರಿ" ಅಂದಳು. ನಾನು ನಕ್ಕೆ. ಅಕ್ಕೋರು ನಕ್ಕ ಮೇಲೆ ಮಕ್ಕಳು ಬಿಡುತ್ತಾರೆಯೇ? ಮರುದಿನದಿಂದ ಹುಡುಗಿ ಸಾಲೆಗೇ ಬರಲಿಲ್ಲ.

"ಸಾಲಿ ಒಲ್ಲೆ, ಮನ್ಯಾಗ ನೂಲಿನ ಕಂಡಿಕಿ ಸುತ್ತತೇನಿ ಅಂತಾಳ್ರಿ" ಎಂದಳು ಗೌರವ್ವ. "ಒಂದು ಸುತ್ತೂದ್ರಾಗ ಹತ್ತು ಎಳಿ ಹರೀತಾಳ. ನೀವs ಕರಕೊಂಡು ಹೋಗ್ರಿ."

ನಾನು ಪಾಠ ಶುರುಮಾಡಿದೆ. ಕೆಳಗಿನ ಅಂಕಿ ಛೇದ, ಮೇಲಿನದು ಅಂಶ. ಒಂದು ರೊಟ್ಟಿಯನ್ನು ಎಂಟು ಮಂದಿಗೆ ಹಂಚಿದರೆ...

"ಒಂದು ರೊಟ್ಟಿ ಎಂಟು ಮಂದಿಗೆ ಯಾರ ಹಂಚತಾರ್ರಿ ಅಕ್ಕೋರ? ಇನ್ನೇಳು ಬಡೀತಾರ." ಗೌರವ್ವ ರಾಟಿ ನಿಲ್ಲಿಸಿದಳು. "ಕಸ್ತೂರಿ, ನಲವತ್ತರ ನಂಬರಿನ ನೂಲು ದಪ್ಪೋ, ಎಂಬತ್ತರದೋ?"

"ನಲವತ್ತರದು. ಇದನ್ನೂ ಕೇಳತೀ ಏನ್ ಬೇ?"

"ಯಾಕ ಅದು ದಪ್ಪ?"

"ಅಷ್ಟs ತೂಕದಾಗ ನಲವತ್ತರ ಬದಲಿ ಎಂಬತ್ತು ಲಡಿ, ಅಂದ್ರ ಎಂಬತ್ತು ಸುರುಳಿ, ಆಗಬೇಕಂದ್ರ ನೂಲು ತೆಳ್ಳಗ ಆಗಬೇಕಲ್ಲ."

ನಾನು ಹೊಸ್ತಿಲ ಮೇಲೇ ಕುಳಿತೆ. ಡಿಗ್ರಿ ಮುಗಿಸಿದವಳು, ಛೇದ ದೊಡ್ಡದಾದಂತೆ ಪಾಲು ಸಣ್ಣದಾಗುತ್ತದೆ ಎಂದು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೆನೋ. ಅದನ್ನು ಬೆರಳಲ್ಲಿ ಮುಟ್ಟಿ ನೋಡಬಹುದೆಂದು ಗೊತ್ತಾದದ್ದು ಅಂದೇ. ಈಗ ಕಲಿಯುವ ಸರದಿ ನನ್ನದಾಯಿತು.

"ಹಂಗಾರ ಮ್ಯಾಲಿನ ಅಂಕಿ ಏನವ್ವಾ?" ಎಂದು ಕಂಬದ ಕಡೆ ನೋಡಿ ಕೇಳಿದೆ.

ಕಸ್ತೂರಿಯ ಅರ್ಧ ಮುಖ ಕಂಬದಿಂದ ಈಚೆ ಬಂತು. "ಅಂಥಾ ಲಡಿ ನಾವು ಎಷ್ಟು ತಗೊಂಡೇವಿ ಅನ್ನೂದಲ್ರಿ?"

"ಹೌದು. ಅವತ್ತು ನಾ ನಕ್ಕಿದ್ದು ತಪ್ಪಾತು" ಎಂದೆ. ಅವಳು ಒಳಗೆ ಹೋದಳು.

ಸೋಮವಾರ ತಡವಾಗಿ ಬಂದು ಕಡೆಯ ಸಾಲಿನಲ್ಲಿ ಕುಳಿತಳು. ಪಾಠದ ನಡುವೆ ಎದ್ದು ನಿಂತಳು.

"ಅಕ್ಕೋರ, ಛೇದದಾಗ ಸೊನ್ನಿ ಇದ್ರ? ಸೊನ್ನಿ ನಂಬರಿನ ನೂಲು ಎಷ್ಟು ದಪ್ಪ ಇರತೈತ್ರಿ?"

ನಗಲು ತಯಾರಾದ ಮಕ್ಕಳೆಲ್ಲ ಮೊದಲು ನನ್ನ ಮುಖ ನೋಡಿದರು. ನಾನು ಬೋರ್ಡಿನ ಮೇಲೆ ಬರೆಯುವ ಖಡುವನ್ನು ಅವಳ ಕಡೆ ಚಾಚಿದೆ.

"ನನಗೂ ಪಕ್ಕಾ ಹೇಳಾಕ ಬರವಲ್ದು. ಬಾ, ಬರದು ನೋಡೋಣು."

ಅವಳು ಬೋರ್ಡಿನ ಹತ್ತಿರ ಬಂದಳು.