ನಡುವೆ ನಿಂತು ಆಡಿದವರು

ಸಿಂಧನೂರಿನ ಬಸ್ ನಿಲ್ದಾಣದ ಎದುರು ಸೈಕಲ್ ಅಂಗಡಿ ಇಟ್ಟಿದ್ದ ಹಸನ್‌ಸಾಬ್ ಮೂಲತಃ ಲಿಂಗಸುಗೂರಿನವನು. ಅಲ್ಲಿನ ಹಳೆಯ ದಂಡಿನ ಛಾವಣಿಯ ಬಯಲಿನಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಆಡಿ ಬೆಳೆದವನು. 1979ರಲ್ಲಿ ಸಿಂಧನೂರಿಗೆ ಬಂದಾಗ ಒಂದು ಪಾನಾ ಪೆಟ್ಟಿಗೆ, ಒಂದು ಪಂಪು, ಒಂದು ಹಳೆಯ ಚರ್ಮದ ಚೆಂಡು ಅವನ ಜೊತೆಗಿದ್ದವು. ಎರಡು ವರ್ಷದಲ್ಲಿ ಆ ಚೆಂಡಿನ ಸುತ್ತ ಹದಿನೈದು ಜನ ಕೂಡಿ ನ್ಯೂ ಸ್ಟಾರ್ ಕ್ಲಬ್ ಆಯಿತು. ಬೇಸಿಗೆಯಲ್ಲಿ ಕೆನಾಲಿನ ನೀರು ನಿಂತರೆ ಗದ್ದೆಯಲ್ಲಿ ಕೆಲಸ ಇರುತ್ತಿರಲಿಲ್ಲ. ಮಸ್ಕಿ, ಲಿಂಗಸುಗೂರು, ಸಿಂಧನೂರಿನಲ್ಲಿ ಪಂದ್ಯಾವಳಿಗಳು ನಡೆಯುತ್ತಿದ್ದದ್ದು ಆಗಲೇ.

ಆಟದಲ್ಲಿ ಹಸನ್‌ನ ಆಸೆಯೆಲ್ಲ ಸೆಂಟರ್ ಹಾಫ್ ಜಾಗದ ಮೇಲಿತ್ತು. ಮುಂದಿನವರಿಗೂ ಹಿಂದಿನವರಿಗೂ ನಡುವೆ ನಿಂತು ಇಡೀ ಆಟವನ್ನು ನಡೆಸುವ ಜಾಗ ಅದು. ಮೊದಲು ಅಲ್ಲಿ ಖಾಜಾಸಾಬ್ ಇದ್ದ. ಅವನು ನೌಕರಿ ಸಿಕ್ಕು ಬಳ್ಳಾರಿಗೆ ಹೋದ ಮೇಲೆ ಜಾಗ ಹಸನ್‌ಗೆ ಬಂತು. ಒಂದೇ ಬೇಸಿಗೆ ಅವನಲ್ಲಿತ್ತು.

ಮರುವರ್ಷ ವೆಂಕೋಬ ಬಂದ. ಸಾಲಗುಂದದವನು, ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಒಂದು ಸಂಜೆ ಮೈದಾನಕ್ಕೆ ಹೊಂದಿದ ಮಿಲ್ಲಿನ ಮೋಟುಗೋಡೆ ದಾಟಿ ಬಿದ್ದ ಚೆಂಡನ್ನು ಅವನು ತೌಡು ಮೆತ್ತಿದ ಬರಿಗಾಲಿನಿಂದ ತಡೆದು, ಅರೆಗಳಿಗೆ ನೋಡಿ, ಮೈದಾನದ ಆ ತುದಿಯಲ್ಲಿದ್ದವನ ಕಾಲಿಗೇ ಕಳಿಸಿದ. ಅದನ್ನು ಮೊದಲು ಕಂಡವನು ಹಸನ್. ಕ್ಯಾಪ್ಟನ್ ಅಂಬಪ್ಪನಿಗೆ ಹೇಳಿ ಅವನನ್ನು ಕರೆತಂದವನೂ ಹಸನೇ. ತಿಂಗಳು ಕಳೆಯುವುದರೊಳಗೆ ಅಂಬಪ್ಪ ವೆಂಕೋಬನನ್ನು ನಡುವೆ ನಿಲ್ಲಿಸಿ ಹಸನ್‌ನನ್ನು ಬದಿಗೆ ಕಳಿಸಿದ. ಹಸನ್ ನಗುತ್ತಲೇ ಬದಿಗೆ ಹೋದ. ಆದರೆ ಅಂದಿನಿಂದ ಮನೆಯಲ್ಲಿ ಆಟದ ಮಾತು ಆಡುವುದನ್ನು ಬಿಟ್ಟ.

1986ರಲ್ಲಿ ಲಿಂಗಸುಗೂರಿನ ಫೈನಲ್ಲು. ಇನ್ನು ನಾಲ್ಕು ನಿಮಿಷ ಉಳಿದಿದ್ದಾಗ ವೆಂಕೋಬ ಚೆಂಡಿನ ಮೇಲೆ ಕಾಲಿಟ್ಟು ಸುಮ್ಮನೆ ನಿಂತುಬಿಟ್ಟ. ಜನ ಬೈದರು. ಎದುರಾಳಿಗಳು ಮೂವರು ಅವನ ಮೇಲೆ ಬಂದರು. ಮೂವರೂ ಹತ್ತಿರವಾದ ಮೇಲೆ, ಅವರು ಬಿಟ್ಟುಬಂದ ಖಾಲಿ ಜಾಗಕ್ಕೆ ಚೆಂಡು ನೂಕಿದ. ಬಟ್ಟೆ ಅಂಗಡಿಯ ಹಂಪಣ್ಣ ಓಡಿಹೋಗಿ ಗೋಲು ಹೊಡೆದ. ಕ್ಲಬ್ಬು ಗೆದ್ದದ್ದು ಅದೊಂದೇ ಕಪ್ಪು.

ಎರಡು ವರ್ಷದ ನಂತರ ಮಸ್ಕಿಯ ಪಂದ್ಯಾವಳಿ ಬಂತು. ಹೊರಡಲು ಎರಡು ದಿನವಿದ್ದಾಗ ಅಂಬಪ್ಪ ಹೆಸರುಗಳನ್ನು ಓದಿದ. ಹಸನ್‌ನ ಹೆಸರಿರಲಿಲ್ಲ.

"ಮೂವತ್ತೆರಡಾತಲೋ ಹಸನ್, ಇನ್ನ ಕುಂತು ನೋಡಪಾ," ಎಂದು ಅಂಬಪ್ಪ ಚೇಷ್ಟೆಯಿಂದ ಹೇಳಿದ. ಎಲ್ಲರೂ ನಕ್ಕರು. ವೆಂಕೋಬನೂ ನಕ್ಕ.

ಆಮೇಲೆ ಎರಡು ತಂಡ ಮಾಡಿಕೊಂಡು ತಮ್ಮತಮ್ಮಲ್ಲೇ ಆಡಿದರು. ವೆಂಕೋಬ ಅಭ್ಯಾಸದಂತೆ ಚೆಂಡಿನ ಮೇಲೆ ಕಾಲಿಟ್ಟು ನಿಂತ. ಹಸನ್ ದೂರದಿಂದ ಓಡಿಬಂದು ಜಾರಿದ. ಚೆಂಡಿಗೆ ಅವನ ಕಾಲು ತಾಗಲೇ ಇಲ್ಲ. ಎಲುಬು ಮುರಿದ ಸದ್ದು ಗೋಲಿನಲ್ಲಿ ನಿಂತಿದ್ದ ಅಂಬಪ್ಪನಿಗೂ ಕೇಳಿಸಿತು.

ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿದರು. ವೆಂಕೋಬ ತಿಂಗಳಿಗೇ ಬೇಸತ್ತು ಅದನ್ನು ಕತ್ತರಿಸಿಕೊಂಡು ಊರಲ್ಲಿ ಎಣ್ಣೆ ತಿಕ್ಕಿಸಿಕೊಂಡ. ಎಲುಬು ಸೊಟ್ಟಗೆ ಕೂಡಿತು, ಎಡಗಾಲು ಎರಡು ಬೆರಳಷ್ಟು ಗಿಡ್ಡವಾಯಿತು. ಅಕ್ಕಿ ಚೀಲ ಹೊರುವವನಿಗೆ ಆ ಎರಡು ಬೆರಳು ಸಾಕು, ಮಿಲ್ಲಿನ ಕೆಲಸ ಹೋಯಿತು. ಹೆಂಡತಿ ಗದ್ದೆಮ್ಮ ನಾಟಿಗೆ, ಕಳೆಗೆ ಕೂಲಿ ಹೋಗತೊಡಗಿದಳು. ಹಸನ್ ಆ ಸಂಜೆಯ ನಂತರ ಮೈದಾನಕ್ಕೆ ಕಾಲಿಡಲಿಲ್ಲ. ಮೂರು ಸಲ ಸಾಲಗುಂದಕ್ಕೆ ಹೋಗಿ, "ಅಂಗಡಿಗೆ ಬಾ, ಇಬ್ಬರೂ ಕೂಡಿ ಮಾಡೋಣು," ಎಂದು ಕರೆದ. ಎರಡು ಸಲ ವೆಂಕೋಬ ಮಾತೇ ಆಡಲಿಲ್ಲ. ಮೂರನೆಯ ಸಲ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದ.

ಹೀಗೆ ಅವನು ಆರು ವರ್ಷ ಅಲ್ಲಿ ಪಂಕ್ಚರ್ ಹಚ್ಚಿದ. ಕ್ಲಬ್ಬು ಅಷ್ಟರಲ್ಲಿ ಸೊರಗಿತ್ತು. ಹುಡುಗರೆಲ್ಲ ಕ್ರಿಕೆಟ್ಟಿಗೆ ಹೋಗಿದ್ದರು. ಉಳಿದದ್ದು ಹಳಬರ ವಾದ ಮಾತ್ರ. ಸಂಜೆಯಾದರೆ ಅಂಗಡಿಯ ಮುಂದಿನ ಬೆಂಚಿಗೆ ಹಂಪಣ್ಣ ಬರುತ್ತಿದ್ದ, ಬಸ್ ಕಂಡಕ್ಟರ್ ಆಗಿದ್ದ ಅಂಬಪ್ಪ ಡ್ಯೂಟಿ ಮುಗಿಸಿ ಬರುತ್ತಿದ್ದ. ನ್ಯೂ ಸ್ಟಾರ್ ಕಂಡ ದೊಡ್ಡ ಸೆಂಟರ್ ಹಾಫ್ ಯಾರು? ಹಂಪಣ್ಣನಿಗೆ ವೆಂಕೋಬ, ಅಂಬಪ್ಪನಿಗೆ ಖಾಜಾಸಾಬ್. ಹಸನ್‌ನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ವಾದ ಶುರುವಾದೊಡನೆ ಹಸನ್ ಚಹಾ ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದ. ವೆಂಕೋಬ ಮಾತ್ರ ತನ್ನ ಹೆಸರು ತನ್ನದಲ್ಲವೆಂಬಂತೆ ಟ್ಯೂಬು ತಿಕ್ಕುತ್ತಾ ಕೂತಿರುತ್ತಿದ್ದ.

1994ರ ಜೂನ್ ಕೊನೆ. ವಿಶ್ವಕಪ್ಪು ಟಿವಿಯಲ್ಲಿ ಬರುತ್ತಿದ್ದ ದಿನಗಳಾದ್ದರಿಂದ ಬೆಂಚಿನ ಮೇಲೆ ಹುರುಪು ಹೆಚ್ಚಿತ್ತು.

"ಖಾಜಾ ತೊಂಬತ್ತು ನಿಮಿಷ ಓಡತಿದ್ದ ನೋಡ್ರಿ," ಎಂದ ಅಂಬಪ್ಪ. "ಈತ ನಿಂತ ಕಡೆ ನಿಂತಿರತಿದ್ದ."

"ಓಡೋದಾದ್ರ ಕುದುರಿ ಓಡತಾವ," ಎಂದ ಹಂಪಣ್ಣ. "ಲಿಂಗಸುಗೂರಾಗ ಕಪ್ಪು ಯಾರು ಕೊಡಿಸ್ಯಾರ? ಆ ಪಾಸು ಖಾಜಾನ ಕೈಲೆ ಆಗತಿತ್ತೇನು?"

ಅಂಬಪ್ಪನಿಗೆ ರೇಗಿತು. "ಖಾಜಾನ ಕಾಲು ಯಾರಾದ್ರೂ ಮುರದಾರೇನು? ಚಲೋ ಹಾಫ್ ಇದ್ದಾವಗ ಎದುರಿನ ಕಾಲು ಬರೋದು ಕಾಣಬೇಕು. ಕಂಡಿದ್ರ ಈತ ಇಲ್ಲಿ ಕುಂತು ಟ್ಯೂಬ್ ತಿಕ್ಕತಿದ್ದನೇನು?"

ವೆಂಕೋಬ ಕೈಯಲ್ಲಿದ್ದ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಬಿಟ್ಟ. ಆರು ವರ್ಷದಲ್ಲಿ ಮೊದಲ ಸಲ ಆ ವಾದದಲ್ಲಿ ಮಾತಾಡಿದ.

"ಕಂಡಿತ್ತು ಅಂಬಣ್ಣ. ಅಷ್ಟು ದೂರದಿಂದ ಕಂಡಿತ್ತು. ನಮ್ಮವನ ಅದಾನ, ಕಾಲು ಹಿಂದಕ್ಕ ತಗೋತಾನ ಅಂತ ನಿಂತೆ."

ಹಸನ್ ಚಹಾದ ಗ್ಲಾಸುಗಳನ್ನು ಹಿಡಿದು ಅವನ ಬೆನ್ನ ಹಿಂದೆಯೇ ನಿಂತಿದ್ದ. ಗ್ಲಾಸುಗಳನ್ನು ಬೆಂಚಿನ ಮೇಲೆ ಒಂದೊಂದಾಗಿ ಇಟ್ಟು, ಒಳಗೆ ಹೋಗಿ ತೂಗುಹಾಕಿದ ಟೈರುಗಳ ಹಿಂದೆ ಗೋಡೆಗೆ ಮುಖ ಮಾಡಿ ನಿಂತ. ಅಂಬಪ್ಪ ಚಹಾ ಕುಡಿಯದೆ ಎದ್ದು ಹೋದ.

ಮರುದಿನ ವೆಂಕೋಬ ಬರುವುದಿಲ್ಲ ಎಂದುಕೊಂಡಿದ್ದ ಹಸನ್. ಆದರೆ ಅವನು ಎಂಟೂವರೆಯ ಬಸ್ಸಿನಿಂದ ಎಂದಿನಂತೆ ಇಳಿದು, ಅಂಗಡಿಯ ಮುಂದೆ ನೀರು ಹೊಡೆದ.

"ವೆಂಕೋಬ, ನಾ ಕಾಲು ಹಿಂದಕ್ಕ ತಗೋಬಹುದಿತ್ತು," ಎಂದ ಹಸನ್. "ತಗೊಳ್ಳಲಿಲ್ಲ."

"ಗೊತ್ತೈತಿ ಹಸನಣ್ಣ."

"ಗೊತ್ತಿದ್ದೂ ಆರು ವರ್ಷ ನನ್ನ ಹಂತ್ಯಾಕ ಹ್ಯಾಂಗ ಕುಂತೆಲೇ?"

ವೆಂಕೋಬ ಬಕೆಟ್ಟು ಕೆಳಗಿಟ್ಟ. "ಊರಾಗ ಕುಂತ್ರ ಎಲ್ಲಾರೂ ಕುಂಟ ಅಂತಾರ. ಇಲ್ಲಿ ಕುಂತ್ರ ದಿನಾ ಸಂಜೀಕ ನನ್ನ ಆಟದ ಮಾತು ಕೇಳತೈತಿ. ಅದಕ್ಕ ಬರತಿದ್ದೆ. ನಿನ್ನ ಮಾರಿ ನೋಡಾಕ ಅಲ್ಲ."

ಅಂಬಪ್ಪ ಆ ಬೆಂಚಿಗೆ ಮತ್ತೆ ಬರಲಿಲ್ಲ. ಎದುರಾಡುವವರಿಲ್ಲದೆ ಹಂಪಣ್ಣನೂ ಬರುವುದನ್ನು ಕಡಿಮೆ ಮಾಡಿದ. ವಾದ ನಿಂತ ಮೇಲೆ ವೆಂಕೋಬನೂ ದಿನ ಬಿಟ್ಟು ದಿನ ಬರತೊಡಗಿ, ದೀಪಾವಳಿಯ ಹೊತ್ತಿಗೆ ಪೂರ್ತಿ ನಿಲ್ಲಿಸಿದ. ಊರಲ್ಲಿ ನಾಲ್ಕು ಆಡು ಕಟ್ಟಿಕೊಂಡಿದ್ದಾನೆ ಎಂಬ ಸುದ್ದಿ ಬಂತು. ಕರೆಯಲು ಹೋಗುವ ಧೈರ್ಯ ಹಸನ್‌ಗೆ ಆಗಲಿಲ್ಲ. 1997ರ ಮಳೆಗಾಲದಲ್ಲಿ ವೆಂಕೋಬನಿಗೆ ಕಾಮಾಲೆಯಾಯಿತು. ಸತ್ತ ಸುದ್ದಿ ಹಸನ್‌ಗೆ ಮುಟ್ಟಿದ್ದು ಮಣ್ಣು ಮಾಡಿದ ಮೂರನೆಯ ದಿನ.

ತಿಥಿ ಕಾರ್ಯ ಮುಗಿದ ಮೇಲೆ ಅವನು ಸಾಲಗುಂದಕ್ಕೆ ಹೋದ. ಗದ್ದೆಮ್ಮ ಚಾಪೆ ಹಾಸಿ ನೀರು ಕೊಟ್ಟಳು. ಆಮೇಲೆ ಅವಳೇ ಕೇಳಿದಳು.

"ಯಣ್ಣಾ, ಅವರ ಆಟ ಹ್ಯಾಂಗಿತ್ತು? ನಾ ಒಂದಿನಾನೂ ನೋಡಲಿಲ್ಲ. ಹೆಣಮಕ್ಕಳು ಅಲ್ಲಿಗೆ ಬರತಿದ್ದಿಲ್ಲಲಾ. ಮಂದಿ ಹೇಳತಿದ್ರು, ಭಾಳ ಚಲೋ ಆಡತಿದ್ರಂತ."

ಹಸನ್ ಹೇಳಿದ. ಮಿಲ್ಲಿನ ಗೋಡೆ ದಾಟಿದ ಚೆಂಡಿನಿಂದ ಹಿಡಿದು ಲಿಂಗಸುಗೂರಿನ ಆ ನಾಲ್ಕು ನಿಮಿಷದವರೆಗೆ, ಯಾರು ಎಲ್ಲಿ ನಿಂತಿದ್ದರು, ಚೆಂಡು ಯಾವ ಕಡೆಯಿಂದ ಬಂತು, ಎಲ್ಲವನ್ನೂ ಬೆರಳಿನಿಂದ ನೆಲದ ಮೇಲೆ ಗೀಚಿ ತೋರಿಸಿದ. ಗದ್ದೆಮ್ಮ ಮೊಣಕಾಲಿನ ಮೇಲೆ ಗದ್ದವೂರಿ ಕೇಳಿದಳು. ಒಮ್ಮೆ ನಕ್ಕಳು ಕೂಡ.

"ನಾ ನೋಡಿದವರೊಳಗ ಅಂಥಾವ ಇನ್ನೊಬ್ಬ ಇಲ್ಲವಾ ತಂಗಿ," ಎಂದ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಹಸನ್ ನಿಲ್ಲಿಸಲಿಲ್ಲ. ಮಸ್ಕಿಗೆ ಹೊರಡುವ ಎರಡು ದಿನದ ಮುಂಚಿನ ಸಂಜೆಯನ್ನೂ ಹೇಳಿದ. ಎಲ್ಲರೂ ನಕ್ಕದ್ದನ್ನು, ತಾನು ಎಷ್ಟು ದೂರದಿಂದ ಓಡಿಬಂದೆನೆಂಬುದನ್ನು, ಚೆಂಡು ನೋಡದೆ ಕಾಲು ನೋಡಿದ್ದನ್ನು. ಹೇಳುತ್ತಾ ಅತ್ತ.

ಗದ್ದೆಮ್ಮ ಎದ್ದು ಹೊರಗೆ ಹೋಗಿ ಆಡುಗಳಿಗೆ ಸೊಪ್ಪು ಹಾಕಿದಳು. ಒಳಗೆ ಬರದೆ ಅಂಗಳದಿಂದಲೇ ಹೇಳಿದಳು:

"ಐದರ ಬಸ್ ಬರೋ ಹೊತ್ತಾತು. ನೀ ಹೋಗು."