ಮನಿಯಮ್ಮನ ಕೊಡಕ್ಕೆ ಕೊಂಬಿಲ್ಲ

ರೈಲ್ವೆ ವರ್ಕಶಾಪಿನ ಭೋಂಗಾ ಕೂಗಿದಾಗ ಗಡಿಯಾರ ತಿದ್ದಿಕೊಳ್ಳುವ ಓಣಿ ಅದು. ಹೀಗಾಗಿ ಹೆಸರೂ ಭೋಂಗಾ ಓಣಿ. ಹುಬ್ಬಳ್ಳಿಗೆ ದುಡಿಯಲು ಬಂದ ತಮಿಳರು, ತೆಲುಗರು, ಮರಾಠಿಗರು, ಗೋವೆಯ ಕ್ರೈಸ್ತರು ಅಲ್ಲಿ ಗೋಡೆಗೆ ಗೋಡೆ ಹಚ್ಚಿ ಬದುಕಿದರು. ಅವರ ಕಥೆಯನ್ನು ಅವರ ಬಾಯಿಂದಲೇ ಕೇಳಿ ಪುಸ್ತಕ ಮಾಡಬೇಕೆಂದು, ಕಾಲೇಜಿನಲ್ಲಿ ಇತಿಹಾಸ ಕಲಿಸುವ ಕರುಣಾ ಫೋನು ಹಿಡಿದು ಬಂದಳು. ಎಲ್ಲರೂ ಕಮರುದ್ದೀನನ ಬಾಗಿಲಿಗೇ ಬೆರಳು ತೋರಿಸಿದರು.

ಎಪ್ಪತ್ತೆಂಟರ ಕಮರುದ್ದೀನ ತಾಮ್ರ, ಹಿತ್ತಾಳೆಯ ಭಾಂಡೆಗಳ ಮೇಲೆ ಉಳಿಯಿಂದ ಹೆಸರು ಹಾಕುವವ. ಸಾಲಿ ಕಂಡದ್ದು ಎರಡನೆಯ ಇಯತ್ತೆಯ ತನಕ. ಉಳಿದದ್ದನ್ನು ಉಳಿಯೇ ಕಲಿಸಿತು.

“ಬಾಯಾರ, ಬರೇ ಹೆಸರು ಹೇಳಿದ್ರ ನನಗ ಏನೂ ನೆನಪಾಗಂಗಿಲ್ಲ. ಭಾಂಡೆ ತರಸ್ರಿ,” ಎಂದ ಕರುಣಾಗೆ.

ಹದಿನೈದು ದಿನದಲ್ಲಿ ಓಣಿಯ ಅಟ್ಟಗಳೆಲ್ಲ ಖಾಲಿಯಾದವು. ಕಮರುದ್ದೀನ ಅಕ್ಷರದ ಮೇಲೆ ಬೆರಳಾಡಿಸುತ್ತಿದ್ದ, ಹೇಳುತ್ತಿದ್ದ: “ಇದು ಪೆರೇರಾನ ಹೆಂಡ್ತಿ ತಂಬಿಗಿ. ಈ ನೆಗ್ಗು ಪೆರೇರಾನ ತಲಿದು.”

ಒಂದು ಕೊಡವನ್ನು ಮಾತ್ರ ಆತ ಕೇಳಲಿಲ್ಲ.

“ಊರ ಮಂದಿ ನೆಗ್ಗು ಎಣಸಾಕ ಬಾಯಿ ಐತಿ. ನಿಮ್ಮ ಗುನ್ನೆಕ್ಕ ಬಂದ್ರ ನಾಲಿಗಿಗೆ ಬೀಗ ಬೀಳತೈತೇನು?” ಎಂದಳು ಹೆಂಡತಿ ಕರೀಮಾಬಿ. ಆತ ಉಳಿ ಒರೆಸುತ್ತ ಕುಳಿತ.

ಗುನ್ನೆ ಐವತ್ತು ವರ್ಷದ್ದು. ಓಣಿಗೆಲ್ಲ ಒಂದೇ ನಳವಿತ್ತು. ಅದರ ಮುಂದೆ ನಾಲ್ಕೈದು ಭಾಷೆಗಳಲ್ಲಿ ಜಗಳ ನಡೆದು ಸಾಕಾಗಿ ಹಿರಿಯರು ಕಟ್ಟಳೆ ಮಾಡಿದ್ದರು: ಪ್ರತಿ ಕೊಡದ ಮೇಲೆ ಕನ್ನಡದಲ್ಲಿ ಹೆಸರಿರಬೇಕು, ಹೆಸರು ಓದಿ ಕೂಗಿದಾಗಲೇ ನೀರು. ಸೇಲಂನಿಂದ ಮದುವೆಯಾಗಿ ಬಂದ ಹುಡುಗಿ ತವರಿನ ತಾಮ್ರದ ಕೊಡ ತಂದಳು. ಹೆಸರು ಮುನಿಯಮ್ಮ. ‘ಮ’ ಅಕ್ಷರಕ್ಕೆ ತನ್ನದೇ ಬಾಲದಂಥದೊಂದು ಸುರುಳಿ ಇದೆ. ‘ಮು’ ಆಗಲು ಅದರ ಪಕ್ಕ ಇನ್ನೊಂದು ಕೊಂಬು ಹಾಕಬೇಕು. ಕಮರುದ್ದೀನ ಬಾಲವನ್ನೇ ಕೊಂಬೆಂದು ತಿಳಿದು ಮುಂದೆ ಹೋದ. ನಳದ ಹತ್ತಿರ ಕೂಗಿದವರು ‘ಮನಿಯಮ್ಮ’ ಎಂದು ಕೂಗಿದರು. ನೀರು ಬೇಕಿತ್ತು, ಆಕೆ ಓಗೊಟ್ಟಳು. ಮುಂದೆ ರೇಷನ್ ಕಾರ್ಡೂ ಕೊಡವನ್ನೇ ನಂಬಿತು.

ಆಕೆಗೆ ಕನ್ನಡ ಓದಲು ಬರುವುದಿಲ್ಲ. ನಳದ ಕೂಗು ಕೇಳಿದಾಗಲೇ ತಪ್ಪು ಹೊಳೆದರೂ, ತಂದೆತಾಯಿ ಇಟ್ಟ ಹೆಸರು ಕೆಡಿಸಿದವನು ತಾನೆಂದು ಆತ ಹೇಳಿರಲಿಲ್ಲ. ಈಗ ಅದೇ ಹೆಸರು ಪುಸ್ತಕಕ್ಕೆ ಏರಲಿತ್ತು, ಅಚ್ಚಾದರೆ ಮುಗಿಯಿತು.

ಮರುದಿನ ಕರೀಮಾಬಿಯೇ ಮನಿಯಮ್ಮನನ್ನು ಕೊಡಸಮೇತ ಕರೆತಂದಳು. ಕರುಣಾ ಫೋನು ಚಾಲೂ ಮಾಡಿದಳು. ಕಮರುದ್ದೀನ ಕೊಡದ ಮೇಲೆ ಬೆರಳಿಟ್ಟ. ಬೆರಳು ಮೊದಲ ಅಕ್ಷರ ದಾಟಲಿಲ್ಲ.

“ತಂಗಿ, ಇಲ್ಲೊಂದು ಕೊಂಬು ಬಿಟ್ಟೇನಿ. ನೀ ಮನಿಯಮ್ಮ ಆಗಿದ್ದು ನನ್ನ ಕೈತಪ್ಪಿನಿಂದ.”

“ಗೊತ್ತೈತಿ ಅಣ್ಣಾ. ಎರಡನೇ ದಿನಾನ ಟಪಾಲಿನವ ಹೇಳಿದ್ದ.”

“ಮತ್ತ ಇಷ್ಟ ವರ್ಷ ಸುಮ್ನ ಇದ್ದಿ?”

“ನಮ್ಮೂರಾಗ ಮುನಿ ಅಂದ್ರ ದೇವ್ರು. ನಿಮ್ಮ ಕನ್ನಡದಾಗ ಮುನಿ ಅಂದ್ರ ಸಿಟ್ಟ ಮಾಡು ಅಂತ. ನೀ ಮನಿ ಅಂತ ಬರದಿ. ಬಾಡಗಿ ಖೋಲ್ಯಾಗ ಇದ್ದಾಕಿ ಮನಿ ಸಿಕ್ರ ಬ್ಯಾಡ ಅನ್ನಲೇನು?”

“ಈಗರ ಕೊಂಬು ಹಾಕ್ತೇನಿ, ಕೊಡು.”

“ಮುದುಕಿಗೆ ಈಗ ಕೊಂಬು ಬಂದ್ರ ಸೊಸಿ ಮನ್ಯಾಗ ಇಟ್ಕೊಂತಾಳೇನು? ತಪ್ಪು ಯಾರದಂತ ಬೇಕಾದ್ರ ಬರಿ.”

ಕಮರುದ್ದೀನ ಕೊಡವನ್ನು ಬೋರಲು ಹಾಕಿ, ಜೀವಮಾನದಲ್ಲಿ ಮೊದಲ ಸಲ ಭಾಂಡೆಯ ಮೇಲೆ ತನ್ನ ಹೆಸರು ಕೊರೆದ. ಕರುಣಾ ಬಗ್ಗಿ ಓದಿದಳು.

“ಕಾಕಾ, ‘ಕಮರುದೀನ’ ಅಂತ ಆಗೈತ್ರಿ. ದಕಾರದ ಒತ್ತು ಬಿಟ್ಟೈತಿ.”

ಆತ ಚಾಳೀಸನ್ನು ಕಣ್ಣಿಗೇರಿಸಿ ನೋಡಿದ. ಆಮೇಲೆ ಉಳಿಯನ್ನು ಪೆಟ್ಟಿಗೆಯಲ್ಲಿಟ್ಟ.

“ಪುಸ್ತಕದಾಗೂ ಇಬ್ಬರದೂ ಹೆಸರು ಕೊಡದ ಮ್ಯಾಲ ಇದ್ದಂಗ ಹಾಕ್ರಿ ಬಾಯಾರ,” ಎಂದ.