ಎಲ್ಲರೂ ಜೂನ್ ಒಂದರಂದು ಹುಟ್ಟಿದವರು

ಹಾಸನದ ಅಂಚಿನಲ್ಲಿ, ಹೊಳೆನರಸೀಪುರದ ರಸ್ತೆಯ ಪಕ್ಕ ನಾನು ಓದಿದ ಸರ್ಕಾರಿ ಪ್ರೌಢಶಾಲೆ ಇದೆ. ಅದರ ಚರಿತ್ರೆ ಬರೆದುಕೊಡಿ ಎಂದು ಈಗಿನ ಮುಖ್ಯೋಪಾಧ್ಯಾಯರು ಕೇಳಿದ್ದರು. ಸ್ಮರಣ ಸಂಚಿಕೆಗೆ ನಾಲ್ಕು ಪುಟ. 'ಮೊದಲು ಹೆಂಚಿನ ಎರಡು ಕೋಣೆಗಳಿದ್ದವು' ಎಂದು ಶುರು ಮಾಡಿದೆ. ಎರಡೋ ಮೂರೋ? ಹೊಡೆದುಹಾಕಿದೆ. ನೆನಪು ಸಲೀಸಾಗಿ ವಾಕ್ಯವಾದಾಗಲೆಲ್ಲ ನನಗೆ ಅನುಮಾನ. ದಾಖಲಾತಿ ಪುಸ್ತಕ ನೋಡಿಯೇ ಬರೆಯೋಣವೆಂದು, ಕಚೇರಿಗೆ ಅರ್ಧ ದಿನ ರಜೆ ಹಾಕಿ ಹೋದೆ.

ಅಡುಗೆಕೋಣೆಯ ಬಾಗಿಲಲ್ಲೇ ಅವಳು ತಡೆದಳು. ಒಂಬತ್ತನೇ ಕ್ಲಾಸಿನಲ್ಲಿ ನನ್ನ ಬೆಂಚಿನವಳು. ಈಗ ಇಲ್ಲಿ ಬಿಸಿಯೂಟ ಬೇಯಿಸುತ್ತಾಳೆ.

"ಬಂದ್ಯೇನೆ ತಾಯಿ? ಅರವತ್ತಾಯ್ತು, ಮನೇಗೋಗು ಅಂತ ಕಾಗ್ದ ಕೊಟ್ಟವ್ರೆ ಕಣೆ. ನಂಗಿನ್ನೂ ಎಲ್ಡು ವರ್ಸ ಐತೆ. ಪುಸ್ತಕದಲ್ಲಿ ತಪ್ಪು ಬರ್ದವ್ರೆ. ಮನೇಲಿ ಕುಂತ್ರೆ ಸೊಸೆ ಕೈ ಕಾಯ್ಬೇಕು. ನೀನು ಓದ್ದೋಳು, ಎಡ್ಮೇಷ್ಟ್ರಿಗೆ ವಸಿ ಯೋಳು."

ಮುಖ್ಯೋಪಾಧ್ಯಾಯರು ಪುಸ್ತಕ ತೆರೆದರು. ಪುಟದ ತುಂಬ ಜೂನ್ ಒಂದು. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಶಾಲೆ ತೆರೆಯುವ ದಿನವನ್ನೇ ಹಾಕುವುದು ನಮ್ಮ ಕಡೆಯ ರೂಢಿ. ಇಸವಿ ಮೇಷ್ಟ್ರ ಅಂದಾಜು. ಅವಳ ಸಾಲು ಸಿಕ್ಕಿತು. ಅಕ್ಷರ ನನ್ನದು.

ನಾವು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಹೆಂಚು ಸೋರಿ ಹಳೆಯ ಪುಸ್ತಕ ನೆನೆದಿತ್ತು. ಅಕ್ಷರ ದುಂಡಗಿದೆಯೆಂದು ಮೇಷ್ಟ್ರು ನನ್ನನ್ನು ಕೂರಿಸಿ ಹೊಸ ಪುಸ್ತಕಕ್ಕೆ ನಕಲು ಮಾಡಿಸಿದ್ದರು. "ಇಸ್ವಿ ಕಾಣ್ದಿದ್ರೆ ಆಳು ನೋಡಿ ಹಾಕಮ್ಮ" ಅಂದಿದ್ದರು. ಅವಳು ಕ್ಲಾಸಿಗೇ ಎತ್ತರದವಳು. ಮೇಷ್ಟ್ರು ನಿಜಕ್ಕೂ ಹಾಗಂದಿದ್ದರೇ? ಅಥವಾ ನನ್ನ ತಪ್ಪನ್ನು ಈಗ ಅವರ ಬಾಯಿಗೆ ಹಾಕುತ್ತಿದ್ದೇನೆಯೇ? ಕೇಳೋಣವೆಂದರೆ ಅವರಿಲ್ಲ.

"ನಾನೇ ಅಂದಾಜಲ್ಲಿ ಹಾಕಿದ್ದು ಅಂತ ಬರೆದುಕೊಡ್ತೀನಿ ಸರ್."

"ಬರ್ಕೊಡಿ ಮೇಡಂ. ಆಮೇಲೆ ಈ ಪುಟದಲ್ಲಿರೋರೆಲ್ಲರ ವಯಸ್ಸನ್ನೂ ಕೇಳ್ತಾರೆ. ನಿಮ್ದೂ ಇಲ್ಲೇ ಇದೆ ನೋಡಿ. ನಿಮಗಿನ್ನೂ ಎರಡು ವರ್ಷ ಸರ್ವಿಸ್ ಇರೋದು ಈ ತಾರೀಖಿನ ಮೇಲೇ ತಾನೆ?"

ಮೂರು ಸಾಲು ಕೆಳಗೆ ನನ್ನ ಹೆಸರು. ಅದೂ ಜೂನ್ ಒಂದು, ಅದೂ ನನ್ನ ಅಕ್ಷರ. ಪುಸ್ತಕದ ಪ್ರಕಾರ ಅವಳಿಗಿಂತ ಎರಡು ವರ್ಷ ಚಿಕ್ಕವಳು ನಾನು. ಹಳೆಯ ಸಾಲನ್ನು ನೋಡಿ ಬರೆದೆನೋ, ನನಗೂ ಅಂದಾಜು ಹಾಕಿಕೊಂಡೆನೋ?

ಅವಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ನೀನೇನೇ ಬರ್ದಿದ್ದು? ಪಕ್ಕದಲ್ಲೇ ಕುಂತಿದ್ನಲ್ಲೇ. ಕೇಳಕ್ಕೆ ಬಾಯಿರ್ನಿಲ್ವಾ?"

ಕೇಳಿದ್ದೆ, ನೀನೇ ಹೇಳಿದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಇಲ್ಲದ ನೆನಪೊಂದು ಹುಟ್ಟಿಕೊಳ್ಳಲು ಅಷ್ಟೇ ಹೊತ್ತು ಸಾಕು.

"ಇಲ್ಲ ಕಣೆ. ಕೇಳಲಿಲ್ಲ."

"ಅಂಗಾರೆ ಈಗ ಬರಿ" ಅಂದಳು.

ಬರೆದೆ. ಅವಳ ಇಸವಿ ನಾನು ಎತ್ತರ ನೋಡಿ ಹಾಕಿದ್ದು ಎಂದು ಬರೆದು ಸಹಿ ಮಾಡಿದೆ. ಮುಖ್ಯೋಪಾಧ್ಯಾಯರು ಎರಡು ಸಲ ಓದಿದರು. ಆಮೇಲೆ ನನ್ನ ಸಾಲಿನ ಮೇಲೆ ಬೆರಳಿಟ್ಟರು.

"ಇದು?"

"ಅದು ನೋಡಿಯೇ ಬರೆದದ್ದು ಸರ್."

ಒಂದು ಕ್ಷಣವೂ ತಡೆಯದೆ ಹೇಳಿದ್ದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಅನ್ನ ಬಸಿಯಲು ಹೋದಳು.